ದಾಖಲೆಯಲ್ಲಿದ್ದ ಮಚ್ಚೆ

ಮೊನ್ನೆ ನಮ್ಮ ಲ್ಯಾಬಿನಲ್ಲಿ ಸ್ಟಾಂಪ್ ಪ್ಯಾಡ್ ಒಣಗಿಹೋಗಿತ್ತು. ಹೊಸ ಶಾಯಿಯ ಬಾಟಲಿಯ ಮುಚ್ಚಳ ತಿರುವಿದ್ದೇ ತಡ, ಆ ನೇರಳೆ ಶಾಯಿಯ ಘಾಟು ಮೂಗಿಗೆ ಬಡಿಯಿತು. ಹಾಸನದ ಈ ಲ್ಯಾಬಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕೆಲಸ ಮಾಡಿದ್ದೇನೆ. ಆಸ್ಪತ್ರೆಗಳಲ್ಲಿ ಕತ್ತರಿಸಿ ತೆಗೆದ ಗಂಟು, ಗೆಡ್ಡೆ, ಚರ್ಮದ ಚೂರುಗಳನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಪಟ್ಟಿಯ ಮೇಲೆ ಹಾಸಿ ಡಾಕ್ಟರ ಮುಂದಿಡುವುದು ನನ್ನ ಕೆಲಸ. ಸ್ಪಿರಿಟ್ಟು, ಫಾರ್ಮಲಿನ್ನು, ಕರಗಿದ ಮೇಣ, ಇಲ್ಲಿಯ ಯಾವ ವಾಸನೆಯೂ ನನ್ನನ್ನು ಏನೂ ಮಾಡುವುದಿಲ್ಲ. ಆದರೆ ಆ ಶಾಯಿಯ ವಾಸನೆಗೆ ನಮ್ಮ ಹೈಸ್ಕೂಲಿನ ಗುಮಾಸ್ತರು ಎದ್ದು ಬಂದು ಎದುರಿಗೆ ಕೂತರು. ಕನ್ನಡಕ ಮೂಗಿನ ತುದಿಗೆ, ಎಡಗೈ ರಿಜಿಸ್ಟರಿನ ಮೇಲೆ, ಮುಖದಲ್ಲಿ ಲೋಕವೆಲ್ಲ ಅರ್ಜಿ ಹಿಡಿದು ತಮ್ಮ ಕಿಟಕಿಯ ಮುಂದೆ ನಿಂತಿದೆ ಎಂಬ ಭಾವ. ಸತ್ತವರನ್ನು ನೆನೆಯುವಾಗ ಒಳ್ಳೆಯ ಮಾತನ್ನೇ ಆಡಬೇಕು ಎಂದು ಹಿರಿಯರು ಹೇಳುತ್ತಾರೆ. ಆ ಹಿರಿಯರಿಗೆ ಈ ಗುಮಾಸ್ತರ ಪರಿಚಯ ಇರಲಿಲ್ಲ.

ಅವತ್ತೇ ಟೀ ಹೊತ್ತಿನಲ್ಲಿ ನಮ್ಮ ಲ್ಯಾಬಿನ ಡಾಕ್ಟರಮ್ಮ ಮೊಬೈಲಿನಲ್ಲಿ ಏನೋ ಓದುತ್ತಿದ್ದವರು ತಲೆಯೆತ್ತಿ, ನಡುಕದ ಕಾಯಿಲೆಯವರ ಮಿದುಳಿನಲ್ಲಿ ಗಂಟುಕಟ್ಟುವ ಪ್ರೋಟೀನು ಚರ್ಮದ ಕ್ಯಾನ್ಸರಿನಲ್ಲೂ ಕೈಯಾಡಿಸುತ್ತಿರಬಹುದಂತೆ, ಮೈಯ ರೋಗನಿರೋಧಕ ಶಕ್ತಿಯನ್ನೂ ಏಮಾರಿಸುತ್ತಿರಬಹುದಂತೆ ಎಂದರು. ಶಾಯಿಯ ವಾಸನೆಗೆ ಬಂದ ಮನುಷ್ಯ ಈ ಮಾತು ಕೇಳಿದ ಮೇಲೆ ಎದ್ದು ಹೋಗಲೇ ಇಲ್ಲ.

ನಾನು ಓದಿದ್ದು ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ. ಅಲ್ಲಿ ಹೆಡ್‌ಮಾಸ್ಟರಿದ್ದರು, ಮೇಷ್ಟ್ರುಗಳಿದ್ದರು, ಆದರೆ ಶಾಲೆ ನಡೆಸುತ್ತಿದ್ದದ್ದು ಗುಮಾಸ್ತರು, ಅವರ ಲೆಕ್ಕದಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ ಇವರೇ. ಮಕ್ಕಳ ಟಿ.ಸಿ. ಕೇಳಲು ಬಂದ ಹಳ್ಳಿಯವರು ಚಪ್ಪಲಿ ಹೊರಗೆ ಬಿಟ್ಟು, ಟವೆಲ್ಲು ಕಂಕುಳಲ್ಲಿ ಇಟ್ಟುಕೊಂಡು ಕಿಟಕಿಯ ಹತ್ತಿರ ನಿಂತೇ ಇರುತ್ತಿದ್ದರು. ಇವರು ಬರೆಯುತ್ತಿದ್ದ ಸಾಲು ಮುಗಿಯುವವರೆಗೆ, ಆಮೇಲೆ ಆ ಸಾಲಿನ ಶಾಯಿ ಒಣಗುವವರೆಗೆ, ಕತ್ತು ಎತ್ತುತ್ತಿರಲಿಲ್ಲ. ಅಕ್ಷರ ಮಾತ್ರ ಮುತ್ತಿನಂಥದ್ದು, ಅದನ್ನು ಇಲ್ಲ ಅನ್ನಲಾರೆ. ಊರಿನ ಅರ್ಧ ಮದುವೆಗಳ ಲಗ್ನಪತ್ರಿಕೆಯ ಲಕೋಟೆ ಮೇಲೆ ಇವರದೇ ಬರಹ. ಹೊಗಳಿಕೆ ಕೇಳಿ ಕೇಳಿ ಆ ಅಕ್ಷರದಲ್ಲಿ ಬರೆದದ್ದೆಲ್ಲ ತಾನಾಗಿ ಸತ್ಯವಾಗುತ್ತದೆ ಎಂದು ನಂಬಿಬಿಟ್ಟಿದ್ದರು.

ಹತ್ತನೇ ತರಗತಿಯವರ ಪರೀಕ್ಷೆ ಅರ್ಜಿ ತುಂಬುವ ದಿನ ಅವರಿಗೆ ಹಬ್ಬ. ಗುರುತಿನ ಚಿಹ್ನೆ ಎಂದು ಎರಡು ಸಾಲು ಬಿಟ್ಟಿರುತ್ತಿದ್ದರು. ಮಚ್ಚೆಯೋ ಗಾಯದ ಕಲೆಯೋ ಪ್ರತಿಯೊಬ್ಬರಿಗೂ ಎರಡು ಬೇಕು. ನಾವು ಆಫೀಸು ರೂಮಿನ ಹೊರಗೆ ಸಾಲು ನಿಂತು ಒಬ್ಬೊಬ್ಬರೇ ಮುಖ, ಕೈ ತೋರಿಸಬೇಕಿತ್ತು. ನನ್ನ ಮುಂದಿದ್ದ ಹುಡುಗಿಗೆ ಚಿಕ್ಕಂದಿನಲ್ಲಿ ಬಿಸಿನೀರು ಬಿದ್ದು ಕತ್ತಿನ ಒಂದು ಭಾಗ ಸುಕ್ಕಾಗಿತ್ತು. ಅದು ಕಾಣದಂತೆ ಸದಾ ದಾವಣಿಯ ಸೆರಗು ಸುತ್ತಿಕೊಂಡಿರುತ್ತಿದ್ದಳು. ‘ತಗಿಯಮ್ಮ ಅದ್ನ’ ಎಂದು ತೆಗೆಸಿ, ಇಡೀ ಸಾಲಿಗೆ ಕೇಳುವ ಹಾಗೆ ‘ಕತ್ತಿನ ಎಡಭಾಗದಲ್ಲಿ ಸುಟ್ಟ ಕಲೆ’ ಎಂದು ಓದಿಕೊಳ್ಳುತ್ತಾ ಬರೆದರು. ಹುಡುಗರು ನಕ್ಕರು. ಅವಳ ಅಪ್ಪ ಕೂಲಿ ಮಾಡುವವರು, ಬಂದು ಕೇಳುವವರು ಯಾರೂ ಇರಲಿಲ್ಲ. ಜಮೀನುದಾರರ ಮಗಳಾಗಿದ್ದರೆ ಕೆನ್ನೆಯ ಮೇಲೆ ಒಂದು ಮಚ್ಚೆ ಕರುಣಿಸಿ ಕಳಿಸುತ್ತಿದ್ದರು.

ನನ್ನ ಸರದಿ ಬಂತು. ಗಲ್ಲದ ಮೇಲೆ ಒಂದು ಮಚ್ಚೆ ಸಿಕ್ಕಿತು. ಎರಡನೆಯದು ಎಲ್ಲಿ ಹುಡುಕಿದರೂ ಇಲ್ಲ. ಅವರು ಗೋಡೆ ಗಡಿಯಾರ ನೋಡಿ, ‘ಬಲ ಮೊಣಕೈ ಮೇಲೆ ಒಂದು ಕಪ್ಪು ಮಚ್ಚೆ’ ಎಂದು ಬರೆದೇಬಿಟ್ಟರು.

‘ಸಾ, ಅಲ್ಲೇನೂ ಇಲ್ಲ ಸಾ,’ ಎಂದೆ.

‘ಇಲ್ದಿದ್ರೆ ಮುಂದೆ ಬತ್ತದೆ ಕಣಮ್ಮ. ಕಾಲಂ ಖಾಲಿ ಬುಡಕ್ಕಾಯ್ತದಾ? ಓಗು.’

ಅದೇ ಮಚ್ಚೆ ಟಿ.ಸಿ.ಗೂ ಹತ್ತಿತು. ಇವತ್ತಿನವರೆಗೂ ನನ್ನ ಮೊಣಕೈ ನುಣ್ಣಗೇ ಇದೆ.

ಮದುವೆಯಾಗಿ ಹಾಸನಕ್ಕೆ ಬಂದು, ಸಾಲಗಾಮೆ ರಸ್ತೆಯ ಕಡೆ ಮನೆ ಕಟ್ಟಿಕೊಂಡು ಎಷ್ಟೋ ವರ್ಷಗಳಾದ ಮೇಲೆ ನಮ್ಮ ಪಕ್ಕದ ಸೈಟಿನಲ್ಲಿ ಒಂದು ಮನೆ ಎದ್ದಿತು. ಗೃಹಪ್ರವೇಶಕ್ಕೆ ಕರೆಯಲು ಕುಂಕುಮದ ಬಟ್ಟಲು ಹಿಡಿದ ಹೆಂಡತಿಯ ಜೊತೆ ಬಂದವರನ್ನು ನೋಡಿದರೆ, ನಮ್ಮ ಗುಮಾಸ್ತರು! ಅರಕಲಗೂಡು, ಚನ್ನರಾಯಪಟ್ಟಣ ಅಂತ ವರ್ಗವಾಗಿ ಸುತ್ತಿ, ನಿವೃತ್ತರಾಗಿ, ನನ್ನ ಪಾಲಿಗೇ ಬಂದು ಬಿದ್ದಿದ್ದರು. ನನ್ನನ್ನು ನೋಡಿ, ‘ನಮ್ ಸ್ಕೂಲ್ ಉಡ್ಗಿ ಅಲ್ವಾ ನೀನು?’ ಎಂದು ನನ್ನ ಅಡ್ಮಿಷನ್ ನಂಬರು ಹೇಳಿದರು. ಸರಿಯಾಗಿಯೇ ಹೇಳಿದರು. ಹೆಸರು ಮಾತ್ರ ನೆನಪಿರಲಿಲ್ಲ.

ನಿವೃತ್ತಿಯಾದದ್ದು ಸರ್ಕಾರದಿಂದ ಮಾತ್ರ, ಗುಮಾಸ್ತಿಕೆಯಿಂದಲ್ಲ. ಕಸದ ಗಾಡಿ ಬಾರದ ದಿನಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ನಮ್ಮ ಕರಿಬೇವಿನ ಗಿಡದ ಕೊಂಬೆ ಎಷ್ಟು ಇಂಚು ಅವರ ಕಾಂಪೌಂಡಿಗೆ ಚಾಚಿದೆ ಎಂದು ಟೇಪು ಹಿಡಿದು ಅಳೆದಿದ್ದರು. ಯಾರದಾದರೂ ಮನೆಯಿಂದ ತಿಥಿ ಕಾರ್ಡು ಬಂದರೆ ಕಾಗುಣಿತದ ತಪ್ಪು ತಿದ್ದಿ ವಾಪಸು ಕೊಡುತ್ತಿದ್ದರು, ಹೆತ್ತವರನ್ನು ಕಳಕೊಂಡ ಮಕ್ಕಳ ಕೈಗೇ. ಆ ಮನೆಯಲ್ಲಿ ಮನುಷ್ಯರು ಅಂತ ಇದ್ದವರು ಅವರ ಹೆಂಡತಿ ಒಬ್ಬರೇ. ದುದ್ದದ ಕಡೆಯ ಹೆಣ್ಣುಮಗಳು, ಬಾಯಿ ತುಂಬಾ ಮಾತು, ಕೈ ತುಂಬಾ ಕೊಡುವ ಜೀವ. ನಾನು ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆ. ಅಂಥವರು ಇಂಥವರಿಗೆ ಹೇಗೆ ಗಂಟುಬಿದ್ದರೋ... ಜಾತಕ ನೋಡಿದವರನ್ನು ಕೇಳಬೇಕು.

ಕೆಲವು ವರ್ಷಗಳಾದ ಮೇಲೆ ಗುಮಾಸ್ತರ ಬಲಗೈ ಹೆಬ್ಬೆರಳು ತಾನೇತಾನಾಗಿ ಆಡತೊಡಗಿತು, ರಾಗಿ ಕಾಳನ್ನು ಬೆರಳ ನಡುವೆ ಉಜ್ಜುವ ಹಾಗೆ. ಆಮೇಲೆ ಕೈ, ಆಮೇಲೆ ನಡಿಗೆ. ಹಾಸನದಲ್ಲೇ ನರರೋಗದ ಡಾಕ್ಟರಿಗೆ ತೋರಿಸಿದರು. ಪಾರ್ಕಿನ್ಸನ್ ಎಂದು ಹೇಳಿ, ಮಾತ್ರೆ ಕೊಟ್ಟು, ಈ ಕಾಯಿಲೆಯವರಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರು ಬೇರೆಯವರಿಗಿಂತ ಹೆಚ್ಚಾಗಿ ಕಾಣುತ್ತದೆ, ವರ್ಷಕ್ಕೊಮ್ಮೆ ಮೈಮೇಲಿನ ಮಚ್ಚೆಗಳನ್ನೆಲ್ಲ ಚರ್ಮದ ಡಾಕ್ಟರಿಗೆ ತೋರಿಸಿ ಎಂದೂ ಬರೆದುಕೊಟ್ಟಿದ್ದರು. ಗುಮಾಸ್ತರು ಆ ಚೀಟಿಯನ್ನು ನನಗೆ ತೋರಿಸಿ ನಕ್ಕರು. ನಗು ಮುಖದ ಮೇಲೆ ಬರುತ್ತಿರಲಿಲ್ಲ ಆಗಲೇ, ಕಾಯಿಲೆ ಮುಖವನ್ನೂ ಬಿಗಿ ಮಾಡಿತ್ತು, ಗಂಟಲಲ್ಲಿ ಮಾತ್ರ ಸದ್ದಾಯಿತು.

‘ತಲೆ ಡಾಕ್ಟ್ರುಗೆ ಚರ್ಮದ ಉಸಾಬರಿ ಯಾಕಮ್ಮ? ಆ ಇಲಾಖೆನೇ ಬ್ಯಾರೆ, ಈ ಇಲಾಖೆನೇ ಬ್ಯಾರೆ.’

ಮನುಷ್ಯನ ಮೈಯನ್ನೂ ತಾಲೂಕು ಕಚೇರಿ ಅಂದುಕೊಂಡಿದ್ದರು.

ಕಾಯಿಲೆ ಅವರಿಂದ ಮೊದಲು ಕಿತ್ತುಕೊಂಡದ್ದು ಅಕ್ಷರ. ದುಂಡಗಿದ್ದ ಅಕ್ಷರ ಇರುವೆ ಸಾಲಿನಷ್ಟಾಯಿತು. ಸಾಲಿನ ಕೊನೆಗೆ ಬರುವ ಹೊತ್ತಿಗೆ ಓದಲೂ ಬಾರದಷ್ಟು ಸಣ್ಣಗಾಗುತ್ತಿತ್ತು. ನವೆಂಬರಿನಲ್ಲಿ ಪಿಂಚಣಿದಾರರೆಲ್ಲ ಬ್ಯಾಂಕಿಗೆ ಹೋಗಿ ನಾನು ಬದುಕಿದ್ದೇನೆ ಎಂದು ಸಹಿ ಹಾಕಬೇಕಲ್ಲ, ಆ ವರ್ಷ ಇವರ ಸಹಿ ಹೊಂದುತ್ತಿಲ್ಲ ಎಂದರಂತೆ. ಹೆಬ್ಬೆಟ್ಟು ಒತ್ತಿಸಿದರೆ ಮೆಷಿನ್ನು ಎರಡು ಸಲ ಒಪ್ಪಲಿಲ್ಲವಂತೆ. ಮೂರನೇ ಸಲ ಯಾರೋ ಪುಣ್ಯಾತ್ಮರು ಬೆರಳನ್ನು ಒರೆಸಿ, ಒತ್ತಿ ಹಿಡಿದು, ಹೇಗೋ ಮುಗಿಸಿ ಕಳಿಸಿದರು. ದೊಡ್ಡಮ್ಮ ಅದನ್ನು ನಗುತ್ತಾ ಹೇಳಿದರು. ಗುಮಾಸ್ತರು ಎರಡು ದಿನ ಊಟ ಬಿಟ್ಟಿದ್ದರು. ಊರವರನ್ನೆಲ್ಲ ಕಿಟಕಿಯ ಮುಂದೆ ಕಾಯಿಸಿದವರು ಒಂದು ಸಲ ಕಿಟಕಿಯ ಈಚೆ ನಿಂತರೆ ಏನಂತೆ, ಅನುಭವಿಸಲಿ ಎಂದುಕೊಂಡೆ. ನಿಜ ಹೇಳಬೇಕೆಂದರೆ ಖುಷಿಯಾಗಿತ್ತು.

ಮಚ್ಚೆ ನನ್ನ ಕಣ್ಣಿಗೆ ಬಿದ್ದದ್ದು ಒಂದು ಬೆಳಿಗ್ಗೆ. ಅವರ ಕೈ ನಡುಗುತ್ತದೆಂದು ದೊಡ್ಡಮ್ಮನೇ ಅಂಗಳದ ಬಿಸಿಲಲ್ಲಿ ಕೂರಿಸಿ ಅವರ ಕಾಲಿನ ಉಗುರು ತೆಗೆಯುತ್ತಿದ್ದರು. ನಾನು ಡ್ಯೂಟಿಗೆ ಹೊರಟವಳು ಗೇಟಿನ ಹತ್ತಿರ ನಿಂತೆ. ಎಡಗಾಲ ಹಿಮ್ಮಡಿಯ ಪಕ್ಕದಲ್ಲಿ, ಒಂದು ರೂಪಾಯಿ ನಾಣ್ಯಕ್ಕಿಂತ ಅಗಲ, ಕಪ್ಪು. ಅಂಚು ಸರಿಯಿಲ್ಲ, ಒಂದು ಕಡೆ ಕಂದು, ಇನ್ನೊಂದು ಕಡೆ ನೀಲಿಗಪ್ಪು, ನಡುವೆ ಸಣ್ಣಗೆ ಉಬ್ಬಿ ರಸಿಕೆ ಒಣಗಿದೆ. ಅಂಥದ್ದನ್ನು ಕೊಯ್ದು ಕೊಯ್ದು ನನ್ನ ಕೈ ಪಳಗಿದೆ.

‘ದೊಡ್ಡಮ್ಮ, ಇದು ಯಾವಾಗಿಂದ ಇದೆ?’

‘ಮಚ್ಚೆ ಕಣವ್ವ. ಉಟ್ದಾಗ್ನಿಂದ್ಲೂ ಐತಂತೆ. ಈಗೀಗ ವಸಿ ದೊಡ್ದಾಗದೆ. ಕಾಲಲ್ಲಿ ಮಚ್ಚೆ ಬೆಳುದ್ರೆ ಒಳ್ಳೇದಂತಲ್ವಾ?’

ನಾನು ಬ್ಯಾಗನ್ನು ಅಲ್ಲೇ ಇಟ್ಟು ಕೂತೆ. ಇವತ್ತೇ ಚರ್ಮದ ಡಾಕ್ಟರಿಗೆ ತೋರಿಸಿ ಎಂದು ಇಬ್ಬರಿಗೂ ಬಿಡಿಸಿ ಹೇಳಿದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಹೋಗಿ ಬಚ್ಚಲಲ್ಲಿ ಬಿತ್ತಂತೆ. ಸಾವಿರಾರು ಮಕ್ಕಳ ಮಚ್ಚೆ ಹುಡುಕಿ ಬರೆದ ಮನುಷ್ಯನಿಗೆ ತನ್ನ ಕಾಲಿನದು ಕಾಣಲಿಲ್ಲ. ಹಾಗೆಂದು ಅವತ್ತು ಲ್ಯಾಬಿನಲ್ಲಿ ಎಲ್ಲರಿಗೂ ಹೇಳಿ ನಗಿಸಿದೆ. ಆ ನಗು ಈಗ ನೆನಪಾದರೆ...

ಚರ್ಮದ ಡಾಕ್ಟರು ನೋಡಿದ ಕೂಡಲೇ ಇದನ್ನು ಪೂರ್ತಿ ತೆಗೆದು ಪರೀಕ್ಷೆಗೆ ಕಳಿಸಬೇಕು, ಮುಂದಿನ ವಾರವೇ ಬನ್ನಿ ಎಂದಿದ್ದರು. ಮುಂದಿನ ವಾರ ಬಂತು, ಹೋಯಿತು. ಗುಮಾಸ್ತರು ಮನೆಬಿಟ್ಟು ಕದಲಲಿಲ್ಲ. ಕತ್ತಿ ಕಂಡರೆ ಭಯ ಇರಬೇಕು ಅಂದುಕೊಂಡರೆ, ದೊಡ್ಡಮ್ಮ ಹಿತ್ತಿಲ ಗೋಡೆಯ ಮೇಲಿಂದ ಹೇಳಿದ ಕಾರಣ ಕೇಳಿ ನಾನು ದಂಗಾದೆ.

‘ಆ ಮಚ್ಚೆ ಅವ್ರ ಸರ್ವಿಸ್ ರಿಜಿಸ್ಟ್ರಲ್ಲಿ ಐತಂತೆ ಕಣವ್ವ. ಕೆಲ್ಸಕ್ಕೆ ಸೇರ್ದಾಗ ಗುರುತು ಅಂತ ಬರ್ಸವ್ರಂತೆ. ಪಿಂಚಣಿ ಕಾಗ್ದದಲ್ಲೂ ಅದೇ ಐತಂತೆ. ಅದ್ನ ಕುಯ್ಸಿದ್ರೆ ನಾಳೀಕೆ ಇವ ಅವ್ನಲ್ಲ ಅಂದ್ಬುಟ್ಟಾರು, ಪಿಂಚಣಿ ನಿಂತೋಯ್ತದೆ ಅಂತವ್ರೆ.’

ಬಿದ್ದು ಬಿದ್ದು ನಕ್ಕೆ. ನಗು ನಿಂತ ಮೇಲೆ ಅವರ ಮನೆಗೆ ಹೋದೆ. ಮಕ್ಕಳಿಗೆಲ್ಲ ಕಣ್ಣುಮುಚ್ಚಿ ಮಚ್ಚೆ ಹಂಚಿದವರು ತಮ್ಮದನ್ನು ಮಾತ್ರ ಎಷ್ಟು ಜತನವಾಗಿ ಆರಿಸಿ ಬರೆಸಿದ್ದರು ನೋಡಿ! ಮುಖದ ಮೇಲಿನದನ್ನು ಯಾರು ಬೇಕಾದರೂ ಬರೆಸುತ್ತಾರೆ, ಹಿಮ್ಮಡಿಯದು ಇನ್ನೊಬ್ಬರಿಗೆ ಇರುವುದಿಲ್ಲ, ಮೋಸಕ್ಕೆ ಆಸ್ಪದವೇ ಇಲ್ಲ, ಎಂದು ಅಂಥ ಕಾಯಿಲೆಯಲ್ಲೂ ನನಗೆ ವಿವರಿಸಿದರು.

‘ಸಾ, ಯಾವ ಬ್ಯಾಂಕಿನೋರು ನಿಮ್ ಕಾಲೆತ್ತಿ ಹಿಮ್ಮಡಿ ನೋಡ್ತಾರೆ?’ ಎಂದೆ.

ಅವರು ತಮ್ಮ ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡರು. ‘ಸೈನು ಓಯ್ತು. ಎಬ್ಬೆಟ್ಟು ಸವ್ದೋಗದೆ ಅಂದ್ರು. ಫೋಟೋ ನೋಡುದ್ರೆ ನನ್ ಮಕನೇ ಅಲ್ಲ ಇದು. ಇನ್ನೇನಮ್ಮ ಉಳ್ಕಂತು, ನಾನು ನಾನೇ ಅನ್ನಕ್ಕೆ?’

ಆ ಕ್ಷಣದಲ್ಲಿ ನಾನು ಅವರ ಪಕ್ಕ ಕೂತಿದ್ದರೆ ಎಲ್ಲವೂ ಬೇರೆಯಾಗುತ್ತಿತ್ತೋ ಏನೋ. ಆದರೆ ಕತ್ತಿನ ಸೆರಗು ತೆಗೆಸಿಕೊಂಡ ಆ ಹುಡುಗಿಯ ಮುಖ ಕಣ್ಣ ಮುಂದೆ ಬಂತು. ಜೀವಕ್ಕಿಂತ ರಿಜಿಸ್ಟರು ಹೆಚ್ಚಾಯಿತಾ ಸಾ ನಿಮಗೆ ಎಂದು ಹೇಳಿ ಎದ್ದು ಬಂದೆ.

ಅದಾಗಿ ಹತ್ತು ಹನ್ನೆರಡು ದಿನಕ್ಕೆ, ಒಂದು ಭಾನುವಾರ ಬೆಳಿಗ್ಗೆ, ಗುಮಾಸ್ತರು ಒಬ್ಬರೇ ನಮ್ಮ ಮನೆಗೆ ಬಂದರು. ಅವರ ಗೇಟಿನಿಂದ ನಮ್ಮ ಗೇಟಿಗೆ ಹತ್ತು ನಿಮಿಷ ಹಿಡಿಯಿತು. ಅಡುಗೆಮನೆ ಕಿಟಕಿಯಿಂದ ನೋಡುತ್ತಲೇ ಇದ್ದೆ, ಎದುರು ಹೋಗಲಿಲ್ಲ. ಹೊಸಿಲ ಹತ್ತಿರ ಬಂದವರಿಗೆ ಕಾಲು ಎತ್ತಲಾಗಲಿಲ್ಲ. ಆ ಕಾಯಿಲೆಯಲ್ಲಿ ಹಾಗಾಗುತ್ತದೆ, ಬಾಗಿಲು ಬಂದರೆ ಪಾದ ನೆಲಕ್ಕೆ ಅಂಟಿಬಿಡುತ್ತದೆ. ಆಗ ಹೋಗಿ ಕೈಹಿಡಿದು ಒಳಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿದೆ.

ಸುಧಾರಿಸಿಕೊಂಡು ಹೇಳಿದರು. ‘ಒಂದ್ ಸರ್ಟಿಫಿಕೇಟ್ ಬೇಕಿತ್ತು ಕಣಮ್ಮ. ನಿಮ್ ಡಾಕ್ಟ್ರ ಕೈಲಿ ಬರ್ಸ್ಕೊಡು. ಎಡಗಾಲ ಇಮ್ಮಡಿ ಮೇಲಿದ್ದ ಮಚ್ಚೆನ ವೈದ್ಯಕೀಯ ಕಾರಣಕ್ಕೆ ತೆಗೀಲಾಗ್ತಿದೆ, ಅಂತ. ಒಂದ್ ಸೈನು, ಒಂದ್ ಸೀಲು. ಅದ್ನ ರಿಜಿಸ್ಟ್ರಿಗೆ ಲಗತ್ತು ಮಾಡ್ಸ್ತೀನಿ. ಅದ್ ಕೈಗೆ ಬಂದೇಟಿಗೆ ಕುಯ್ಸ್ಕತೀನಿ.’

ನೋಡಿ, ದಾರಿಯನ್ನು ಅವರೇ ಹುಡುಕಿಕೊಂಡು ಬಂದಿದ್ದರು. ಅಂಥ ಚೀಟಿಗಳನ್ನು ನಾನೇ ಎಷ್ಟೋ ಟೈಪು ಮಾಡಿದ್ದೇನೆ. ರಜೆಗೆ, ವಿಮೆಗೆ, ಕೋರ್ಟಿಗೆ. ಡಾಕ್ಟರಮ್ಮ ಟೀ ಕುಡಿಯುತ್ತಲೇ ಸಹಿ ಹಾಕಿ ಕೊಡುತ್ತಾರೆ. ಸೋಮವಾರ ಬೆಳಿಗ್ಗೆ ಐದು ನಿಮಿಷದ ಕೆಲಸ. ಆಗಲಿ ಸಾ ಅಂದಿದ್ದರೆ ಆಗುತ್ತಿತ್ತು.

ಅನ್ನಲಿಲ್ಲ. ರೂಮಿಗೆ ಹೋಗಿ ಬೀರು ತೆಗೆದು, ಫೈಲಿನ ತಳದಲ್ಲಿದ್ದ ನನ್ನ ಟಿ.ಸಿ.ಯ ಜೆರಾಕ್ಸನ್ನು ತಂದು ಅವರ ತೊಡೆಯ ಮೇಲಿಟ್ಟೆ. ಬಲಗೈ ಮಡಚಿ ಮೊಣಕೈಯನ್ನು ಅವರ ಮುಖದ ಹತ್ತಿರ ಹಿಡಿದೆ.

‘ಇಲ್ಲಿ ಮಚ್ಚೆ ತೋರ್ಸಿ ಸಾ. ಆಮೇಲೆ ಸರ್ಟಿಫಿಕೇಟು.’

ಬಹಳ ಹೊತ್ತು ಕಾಗದ ನೋಡಿದರು. ಹೆಬ್ಬೆರಳು ಆ ಅಕ್ಷರದ ಮೇಲೆ ಆಡುತ್ತಿತ್ತು. ‘ನನ್ ಅಕ್ಷರವೇ,’ ಎಂದರು. ಧ್ವನಿಯಲ್ಲಿ ಏನೋ ಇತ್ತು, ಕಳೆದುಹೋದ ಸಾಮಾನು ಸಿಕ್ಕಿದವರ ಹಾಗೆ. ಆಮೇಲೆ ನನ್ನ ಮೊಣಕೈ ನೋಡಿದರು. ‘ಆಗ ಇದ್ದಿರ್ಬೇಕು ಕಣಮ್ಮ. ಅಳ್ಸೋಗಿರ್ತದೆ.’

‘ಇರ್ಲಿಲ್ಲ ಸಾ. ಇರ್ಲಿಲ್ಲ, ನಾನು ಸುಳ್ಳು ಬರ್ದೆ ಅಂತ ಒಂದ್ ಮಾತು ಹೇಳಿ. ನಾಳೆನೇ ತಂದ್ಕೊಡ್ತೀನಿ.’

‘ನಾನು ಬರ್ದಿದ್ದು ಯಾವ್ದೂ ಸುಳ್ಳಲ್ಲ.’

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಕಾಗದವನ್ನು ನೀಟಾಗಿ ಮಡಿಸಿ, ನಡುಗುವ ಕೈಯಲ್ಲೂ ಅಂಚಿಗೆ ಅಂಚು ಕೂಡಿಸಿ, ನನ್ನ ಕೈಗೆ ಕೊಟ್ಟು ಎದ್ದರು. ಹೊಸಿಲ ಹತ್ತಿರ ಕಾಲು ಮತ್ತೆ ಅಂಟಿತು. ನಾನು ಒಳಗೆ ನಿಂತೇ ಇದ್ದೆ. ಅವರು ತಿರುಗಿ ನೋಡಲಿಲ್ಲ, ಕರೆಯಲೂ ಇಲ್ಲ. ಬಾಗಿಲ ಚೌಕಟ್ಟು ಹಿಡಿದು ಎಷ್ಟು ಹೊತ್ತು ನಿಂತಿದ್ದರೋ... ಕೊನೆಗೆ ತಾವೇ ಹೇಗೋ ದಾಟಿಕೊಂಡು ಹೋದರು.

ಎರಡು ಮೂರು ದಿನದಲ್ಲಿ ಮತ್ತೆ ಬರುತ್ತಾರೆ, ಆಗ ಒಪ್ಪಿಕೊಳ್ಳುತ್ತಾರೆ ಎಂದು ಕಾದೆ. ಬರಲಿಲ್ಲ. ನಾನೂ ಹೋಗಲಿಲ್ಲ. ಬೇರೆ ಡಾಕ್ಟರ ಹತ್ತಿರ ಚೀಟಿ ಕೇಳಬಹುದಿತ್ತಲ್ಲ ಎಂದು ಈಗಲೂ ಒಮ್ಮೊಮ್ಮೆ ಅವರ ಮೇಲೆ ಸಿಟ್ಟಾಗುತ್ತೇನೆ. ಕೇಳುವವರಲ್ಲ ಅವರು. ಒಂದು ಕಿಟಕಿಯಲ್ಲಿ ತಿರಸ್ಕಾರವಾದ ಅರ್ಜಿಯನ್ನು ಇನ್ನೊಂದು ಕಿಟಕಿಗೆ ಹಾಕುವುದು ಅವರ ಶಿಸ್ತಿಗೆ ಒಗ್ಗುತ್ತಿರಲಿಲ್ಲ.

ನಾಲ್ಕು ತಿಂಗಳು ಕಳೆದು ಎಡ ತೊಡೆಸಂದಿಯಲ್ಲಿ ಗೆಡ್ಡೆ ಎದ್ದಿತು. ಆಗ ಚನ್ನರಾಯಪಟ್ಟಣಕ್ಕೆ ಮದುವೆಯಾಗಿ ಹೋಗಿದ್ದ ಅವರ ಮಗಳು ಬಂದು ಬಲವಂತವಾಗಿ ಆಸ್ಪತ್ರೆಗೆ ಸೇರಿಸಿದಳು. ಮಚ್ಚೆಯನ್ನೂ ಗೆಡ್ಡೆಯ ಚೂರನ್ನೂ ತೆಗೆದು ಕಳಿಸಿದ್ದು ನಮ್ಮ ಲ್ಯಾಬಿಗೇ. ಡಬ್ಬಿಯ ಮೇಲಿನ ಚೀಟಿಯಲ್ಲಿ ಹೆಸರು ಓದಿದೆ. ಬೇರೆ ಟೆಕ್ನಿಷಿಯನ್ನಿಗೆ ಕೊಡಬಹುದಿತ್ತು, ಕೊಡಲಿಲ್ಲ. ನಾನೇ ಮೇಣದಲ್ಲಿ ಕೂರಿಸಿದೆ, ನಾನೇ ಕೊಯ್ದೆ. ಯಾವ ದಾಖಲೆ ಕೆಡುತ್ತದೆಂದು ಆ ಮನುಷ್ಯ ಅಷ್ಟು ಹೆದರಿದ್ದರೋ ಅದು ನನ್ನ ಬ್ಲೇಡಿನ ಕೆಳಗೆ ತೆಳ್ಳಗೆ ಸುರುಳಿ ಸುತ್ತಿಕೊಂಡಿತು. ಡಾಕ್ಟರಮ್ಮ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ, ತೀರಾ ತಡವಾಗಿ ಬಂದಿದ್ದಾರೆ ಎಂದರು. ಮಳೆಗಾಲ ಮುಗಿಯುವ ಮುಂಚೆ ಹೋಗಿಬಿಟ್ಟರು. ಆ ನವೆಂಬರಿನಲ್ಲಿ ಅವರು ಬದುಕಿದ್ದೇನೆ ಎಂದು ಸಹಿ ಹಾಕಬೇಕಾಗಿ ಬರಲಿಲ್ಲ.

ಮೊನ್ನೆ ಟೀ ಹೊತ್ತಿನಲ್ಲಿ ಡಾಕ್ಟರಮ್ಮನನ್ನು ಬಿಡದೆ ಕೇಳಿದೆ. ಅವರು ಸಮಾಧಾನವಾಗಿ ಬಿಡಿಸಿ ಹೇಳಿದರು. ಆ ಪ್ರೋಟೀನಿನ ಹೆಸರು ಆಲ್ಫಾ ಸಿನ್ಯೂಕ್ಲಿಯಿನ್ ಅಂತೆ. ಅದು ಎಲ್ಲರಲ್ಲೂ ಇರುತ್ತದೆ. ನಡುಕದ ಕಾಯಿಲೆಯವರಲ್ಲಿ ತಪ್ಪಾಗಿ ಮಡಚಿಕೊಂಡು, ಒಂದಕ್ಕೊಂದು ಅಂಟಿಕೊಂಡು ಮಿದುಳಿನ ಜೀವಕಣಗಳನ್ನು ಕೊಲ್ಲುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಕಣಗಳಿಗೂ ನರಗಳಿಗೂ ಬಸಿರಿನಲ್ಲಿರುವಾಗಲೇ ನೆಂಟಸ್ತನ, ಹಾಗಾಗಿ ಅಲ್ಲೂ ಅದು ಸಿಗುತ್ತದೆ. ಆದರೆ ಚರ್ಮದ ಕ್ಯಾನ್ಸರಿನಲ್ಲಿ ಕೊಲ್ಲುವುದರ ಬದಲು ಕೆಟ್ಟ ಕಣಗಳು ಬದುಕಿ ಬೆಳೆಯಲು ಸಹಾಯ ಮಾಡುವಂತೆ ಕಾಣುತ್ತದೆ. ಗೆಡ್ಡೆಯನ್ನು ಹಿಡಿದು ಹಾಕಬೇಕಾದ ಕಾವಲಿನ ಕಣಗಳ ಮೇಲೂ ಅದರ ಪ್ರಭಾವ ಇರಬಹುದು. ಇರಬಹುದು ಅಷ್ಟೇ, ಇನ್ನೂ ಹುಡುಕುತ್ತಿದ್ದಾರೆ, ನಾಳೆ ಔಷಧಿಗೆ ದಾರಿಯಾದರೂ ಆಗಬಹುದು ಎಂದರು.

ಅಲ್ಲಿಗೆ ಎರಡೂ ಇಲಾಖೆಯಲ್ಲಿ ಒಬ್ಬನೇ ಗುಮಾಸ್ತ. ಒಂದು ಕಡೆ ನಡೆಯಬೇಕಾದ ಫೈಲನ್ನು ಮುಚ್ಚಿಹಾಕುತ್ತಾನೆ, ಇನ್ನೊಂದು ಕಡೆ ನಡೆಯಬಾರದ ಫೈಲಿಗೆ ಮಂಜೂರಾತಿ ಕೊಡುತ್ತಾನೆ. ನಮ್ಮ ಗುಮಾಸ್ತರಿಗೆ ಹೇಳಬೇಕಿತ್ತು ಎನ್ನಿಸಿತು. ಮುಖ ಕಿವುಚಿ, ಅದಕ್ಕೆ ಆದೇಶದ ಪ್ರತಿ ಎಲ್ಲಿದೆ ಎಂದು ಕೇಳುತ್ತಿದ್ದರು. ಅವರನ್ನು ಹೀಯಾಳಿಸುವುದು ನನಗೆ ಇಷ್ಟು ವರ್ಷ ಅಭ್ಯಾಸವಾಗಿಹೋಗಿತ್ತು, ಈಗ ಪಕ್ಕದ ಮನೆಯ ಕಡೆ ನೋಡಿದರೆ ಕರಿಬೇವಿನ ಕೊಂಬೆ ಅಳೆಯುವವರು ಯಾರೂ ಇಲ್ಲ. ಕೊಂಬೆ ತನ್ನ ಪಾಡಿಗೆ ಆಚೆ ಬೆಳೆದಿದೆ. ಅವರಿಲ್ಲದ್ದು ನನ್ನನ್ನು ಇಷ್ಟು ಕಾಡುತ್ತದೆ ಎಂದುಕೊಂಡಿರಲಿಲ್ಲ.

ಎಲ್ಲವನ್ನೂ ಆ ಪ್ರೋಟೀನಿನ ತಲೆಗೆ ಕಟ್ಟಿ ಹಗುರಾಗಬಹುದು. ಮೊದಲೇ ಕುಯ್ಸಿದ್ದರೆ ಉಳಿಯುತ್ತಿದ್ದರಾ ಎಂದೂ ಡಾಕ್ಟರಮ್ಮನನ್ನು ಕೇಳಿದೆ. ಹೇಳಕ್ಕಾಗಲ್ಲ, ಆದರೆ ನಾಲ್ಕು ತಿಂಗಳು ಅಂದರೆ ಕಮ್ಮಿ ಅಲ್ಲ ಎಂದರು. ಅವರನ್ನು ಕೊಂದದ್ದು ಅವರ ರಿಜಿಸ್ಟರು ಎಂದು ನಾನು ಎಷ್ಟು ಜನರ ಹತ್ತಿರ ಹೇಳಿಕೊಂಡು ನಕ್ಕಿದ್ದೇನೋ. ಆ ಒಂದು ಚೀಟಿಯ ವಿಷಯ ಮಾತ್ರ ಯಾರ ಹತ್ತಿರವೂ ಹೇಳಿಲ್ಲ. ಅವರು ಮಣಿಯಬೇಕಿತ್ತು ನನಗೆ, ಅಷ್ಟೇ. ಅವರ ಕಾಲಿನ ಮಚ್ಚೆ ಏನು ಎಂಬುದು ಗೊತ್ತಿದ್ದೂ, ನನ್ನ ಮೊಣಕೈಯಲ್ಲಿ ಇಲ್ಲದ ಮಚ್ಚೆಯ ಹಟ ಹಿಡಿದೆ. ಅವರಾದರೂ ಹೆದರಿಕೆಗೆ ಹಾಗೆ ಮಾಡಿದರು, ನನಗೆ ಯಾವ ಹೆದರಿಕೆ ಇತ್ತು? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ನನಗೆ ಬುದ್ಧಿ ಅವತ್ತೂ ಇತ್ತು. ಇದ್ದೂ ಮಾಡಲಿಲ್ಲ.

ನಿನ್ನೆ ಸಂಜೆ ಡ್ಯೂಟಿಯಿಂದ ಬಂದು ಕೂತಿದ್ದೆ. ದೊಡ್ಡಮ್ಮ ಹಿದುಕಿದ ಅವರೆಬೇಳೆಯ ಸಾರು ಸ್ಟೀಲಿನ ಡಬ್ಬಿಯಲ್ಲಿ ತಂದರು. ಮಗಳು ಚನ್ನರಾಯಪಟ್ಟಣಕ್ಕೆ ಬಾ ಎನ್ನುತ್ತಾಳಂತೆ, ಇವರಿಗೆ ಮನಸ್ಸಿಲ್ಲವಂತೆ. ಮಾತು ಎಲ್ಲೆಲ್ಲೋ ಹೋಗಿ ಅವರ ಯಜಮಾನರ ಮೇಲೆ ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು, ‘ನೀನೊಬ್ಳೇ ಕಣವ್ವ ಅವ್ರಿಗೆ ಬುದ್ಧಿ ಏಳ್ದೋಳು. ಅವ್ರೇ ಕೇಳ್ನಿಲ್ಲ,’ ಎಂದರು. ನಾನು ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದೆ.

‘ಒಂದಿನ ಬಾನ್ವಾರ ಒಬ್ರೇ ನಿಮ್ಮನೇಗ್ ಬಂದಿದ್ರಲ್ಲ ಕಣವ್ವ,’ ಎಂದರು ದೊಡ್ಡಮ್ಮ. ‘ಓಗಾಗ ಇವತ್ತು ಎಲ್ಲಾ ಸರಿಯಾಯ್ತದೆ ಬುಡು ಅಂತ ನನ್ನ ಬೆನ್ ತಟ್ಟೋದ್ರು. ಬಂದ್ಮೇಲೆ ಗ್ವಾಡೆ ಕಡೆ ಮಕ ಮಾಡಿ ಮಲೀಕಂಡೋರು ಮಾತೇ ಆಡ್ನಿಲ್ಲ. ಏನಂದೆ ಅವತ್ತು ಅವ್ರಿಗೆ?’

‘ಏನಿಲ್ಲ ದೊಡ್ಡಮ್ಮ. ಬೇಗ ಆಸ್ಪತ್ರೆಗೆ ಹೋಗಿ ಸಾ ಅಂದೆ, ಅಷ್ಟೇ,’ ಎಂದೆ.

ದೊಡ್ಡಮ್ಮ ನನ್ನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡರು. ‘ನಂಗೊತ್ತಿತ್ತು ಬುಡವ್ವ,’ ಎಂದರು.